ಡ್ರೈವರಮ್ಮನ ಗಾಡಿ

“ಹಲೋ... ಹಲೋ, ಯಾರು ಮಾತಾಡೋದು?... ಹಾಂ, ಗಾಲ್ಫ್ ಕ್ಲಬ್ಬಿನ ಗಾಡಿ ಶೆಡ್ಡೇ. ಮೆಕ್ಯಾನಿಕ್ ನಾನೇ. ಹೇಳಿ, ಯಾರು?...”

ಅತ್ತ ಕಡೆಯಿಂದ ದನಿ ಬರುತ್ತಿದ್ದಂತೆ ಅವನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. ಹೆಂಡತಿ. ಮೂರು ತಿಂಗಳಿಂದ ಅವಳ ನಂಬರ್ ಕಂಡರೆ ಸಾಕು, ಅವನು ಫೋನನ್ನು ಮಗುಚಿ ಇಡುತ್ತಿದ್ದ. ಮಗಳು ತೀರಿಕೊಂಡ ವಾರವೇ ಮನೆ ಬಿಟ್ಟು ಬಂದು, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡಿದ್ದ.

“ಇದ್ಯಾರ ನಂಬರು?... ಪಕ್ಕದ ಮನೆ ಅಕ್ಕನದಾ... ಇಲ್ಲ, ಇಡಲ್ಲ. ಇಡಲ್ಲ ಅಂದ್ನಲ್ಲ. ಹೇಳು, ಏನಾಯ್ತು?... ಗಾಡೀನಾ?... ಚಾರ್ಜ್ ಆಗ್ತಿಲ್ವಾ?...”

ಅದು ಕ್ಲಬ್ಬಿನವರು ಗುಜರಿಗೆ ಹಾಕಿದ್ದ, ಬ್ಯಾಟರಿಯಲ್ಲಿ ಓಡುವ ಪುಟ್ಟ ಗಾಡಿ. ಮಗಳ ಕಾಲಿನಲ್ಲಿ ಹುಟ್ಟಿನಿಂದಲೇ ಬಲವಿರಲಿಲ್ಲ. ಅವಳಿಗೆ ಎಂಟು ತುಂಬಿದಾಗ ಅವನು ಅದನ್ನು ಮನೆಗೆ ತಂದು, ಕಾಲಿನ ಪೆಡಲ್ ತೆಗೆದು, ಕೈಯಿಂದಲೇ ಓಡಿಸುವಂತೆ ಒಂದು ಹಿಡಿ ಕೂರಿಸಿಕೊಟ್ಟಿದ್ದ. ಅವಳು ಹಾರ್ನ್ ಹೊಡೆದುಕೊಂಡು ಹೊರಟರೆ ಬೀದಿಯಲ್ಲಿ ಲಾರಿಯವನೂ ನಗುತ್ತ ದಾರಿ ಬಿಡುತ್ತಿದ್ದ. ಎಲ್ಲರ ಬಾಯಲ್ಲೂ ಅವಳು ಡ್ರೈವರಮ್ಮ.

“ಈಗ್ಯಾಕೆ ಅದರ ಸುದ್ದಿ?... ಕೊಡ್ತೀಯಾ? ಯಾರಿಗೆ?... ಯಾರನ್ನ ಕೇಳಿ ಕೊಡ್ತೀನಿ ಅಂದೆ ನೀನು?... ಕೂಗ್ತಿಲ್ಲ. ಹಾಂ, ಕೂಗ್ದೆ, ಸರಿ... ಆಸ್ಪತ್ರೇಲಿ ನಮ್ಮವಳ ಜೊತೆ ವ್ಯಾಯಾಮಕ್ಕೆ ಬರ್ತಿದ್ದ ಹುಡುಗೀನಾ? ಆ ಎರಡು ಜಡೆಯವಳು?... ಇನ್ನೂ ನಡೆಯೋಕಾಗಲ್ವಾ ಅವಳಿಗೆ?... ಹಂ... ಸಂಜೆ ಅವರಪ್ಪ ಬರ್ತಾರಾ...”

ಅವನು ಎದುರಿಗಿದ್ದ ಗಾಡಿಯ ಸೀಟಿನ ಮೇಲೆ ಕುಳಿತ. ಮಗಳ ಮಾತು ಬಂದರೆ ತಡೆದುಕೊಳ್ಳಲಾರ. ಬ್ಯಾಟರಿಯ ಮಾತಾದರೆ ಹೇಗೋ ನಿಭಾಯಿಸಬಲ್ಲ.

“ಸರಿ, ಗಾಡಿ ಹತ್ರ ಹೋಗು... ಪ್ಲಗ್ ಹಾಕಿದೀಯಾ? ಅಲ್ಲಿ ಕರೆಂಟ್ ಬರ್ತಿದೆಯಾ? ಇಸ್ತ್ರಿ ಪೆಟ್ಟಿಗೆ ಹಾಕಿ ನೋಡು... ಬಿಸಿ ಆಗ್ತಿದೆ ತಾನೆ? ಹಾಗಾದ್ರೆ ಕರೆಂಟಿಗೆ ಏನೂ ಆಗಿಲ್ಲ. ಈಗ ಚಾರ್ಜರಿಗೆ ಕಿವಿ ಕೊಡು. ಟಕ್ ಅಂದು ಆಮೇಲೆ ಗುಂಯ್ ಅನ್ಬೇಕು... ಏನೂ ಇಲ್ವಾ? ಸೀಟ್ ಎತ್ತು. ಹುಷಾರು, ಬೆರಳು... ನಾಲ್ಕು ಬ್ಯಾಟರಿ ಕಾಣ್ತಿದೆ ಅಲ್ವಾ? ತಂತಿ ಬಿಗಿದಿರೋ ಕಡೆ ಬೆಳ್ಳಗೆ ಉಪ್ಪಿನ ಥರ ಕಟ್ಟಿದೆಯಾ?... ಇಲ್ಲ. ತಂತಿ ಅಲುಗಾಡುತ್ತಾ?... ಅದೂ ಇಲ್ಲ...”

ಬ್ಯಾಟರಿ ಪೂರ್ತಿ ಬರಿದಾದರೆ ಚಾರ್ಜರ್ ಅದನ್ನು ಗುರುತೇ ಹಿಡಿಯುವುದಿಲ್ಲ. ಆದರೆ ಸುಮ್ಮನೆ ನಿಂತ ಗಾಡಿ ಮೂರು ತಿಂಗಳಿಗೆ ಅಷ್ಟು ಬರಿದಾಗುವಂತಿಲ್ಲ. ಏನೋ ಒಂದು ಅದನ್ನು ಒಳಗೊಳಗೇ ಹೀರಿರಬೇಕು.

“ಕೀ ನೋಡು. ಯಾವ ಕಡೆ ತಿರುಗಿದೆ?... ಸರಿಯಾಗಿ ನೋಡು ಕಣೇ... ಬಲಕ್ಕಾ?... ಬಲಕ್ಕೇನಾ?...”

ಬಲಕ್ಕೆಂದರೆ ಆನ್. ಆ ಬೆಳಗು ಅವನ ಕಣ್ಣ ಮುಂದೆ ಬಂದು ನಿಂತಿತು. ಕೀ ತಿರುಗಿಸಿ, ‘ಅಪ್ಪಾ, ಹೊರಟೆ’ ಎಂದವಳು ಹಾಗೇ ಹಿಡಿಯ ಮೇಲೆ ತಲೆ ಇಟ್ಟಿದ್ದಳು. ಉಸಿರು ಎಳೆಯಲಾಗುತ್ತಿರಲಿಲ್ಲ. ಅವನು ಅವಳನ್ನು ಬಾಚಿ ಎತ್ತಿಕೊಂಡು ಬೀದಿಗೆ ಓಡಿದ್ದ.

“ನಾನೇ ಕಣೇ... ಆಫ್ ಮಾಡಲೇ ಇಲ್ಲ. ಹಾಗೇ ಎತ್ಕೊಂಡು ಓಡ್ದೆ... ಏನು?... ನಿಂಗೆ ಗೊತ್ತಿತ್ತಾ?... ದೀಪ ಉರೀತಿತ್ತಾ? ಸ್ಟೀರಿಂಗ್ ಹತ್ರ ಇರೋ ಕೆಂಪು ದೀಪಾನಾ?... ಎಷ್ಟು ದಿನ?... ದಿನಾ ಹೋಗಿ ನೋಡ್ತಿದ್ಯಾ, ಒಬ್ಳೇ?... ಮತ್ಯಾಕೆ ಆಫ್ ಮಾಡ್ಲಿಲ್ಲ?...”

ಅವಳು ಹೇಳಿದ್ದನ್ನು ಕೇಳಿ ಅವನು ಗ್ರೀಸು ಮೆತ್ತಿದ ಅಂಗೈಯನ್ನು ಬಾಯಿಗೆ ಒತ್ತಿಕೊಂಡ.

“ಹೌದು... ಅವಳೇ ಆನ್ ಮಾಡಿದ್ದು. ಅವಳ ಕೈಯಾರೆ... ಗೊತ್ತು ಕಣೇ, ಹೇಗೆ ಆಫ್ ಮಾಡ್ತೀಯ ನೀನು... ಅಳಬೇಡ ಅನ್ನಲ್ಲ. ಅಳು... ನಾನು ಫೋನ್ ಎತ್ತಬೇಕಿತ್ತು. ಎತ್ತಿದ್ರೆ ನೀನು ಅವಳ ಹೆಸರು ಹೇಳ್ತೀಯ ಅಂತ ಹೆದರ್ಕೊಂಡೆ...”

ಶೆಡ್ಡಿನ ಉದ್ದಕ್ಕೂ ಇಪ್ಪತ್ತು ಗಾಡಿಗಳು ಚಾರ್ಜಿಗೆ ನಿಂತು ಗುಂಯ್‌ಗುಡುತ್ತಿದ್ದವು.

“ಕೇಳಿಲ್ಲಿ. ಬ್ಯಾಟರಿ ಪೂರ್ತಿ ಕೆಟ್ಟಿರಲಿಕ್ಕಿಲ್ಲ. ಇಲ್ಲಿಂದ ಸಣ್ಣ ಚಾರ್ಜರ್ ತರ್ತೀನಿ. ಒಂದೊಂದಕ್ಕೇ ಸ್ವಲ್ಪ ಸ್ವಲ್ಪ ತುಂಬಿದ್ರೆ ಆಮೇಲೆ ದೊಡ್ಡದು ಹಿಡ್ಕೊಳ್ಳುತ್ತೆ. ಅವರಪ್ಪನಿಗೆ ನಾಳೆ ಬನ್ನಿ ಅನ್ನು... ಹಾಂ, ಕೊಡೋಣ. ಆ ಹುಡುಗಿಗೇ ಕೊಡೋಣ. ಹಿಡಿ ಒಂಚೂರು ಕೆಳಗೆ ಇಳಿಸಬೇಕು, ಅವಳು ಗಿಡ್ಡ ಅಲ್ವಾ... ಆದ್ರೆ ಮೊದ್ಲು ಕೀ ಆಫ್ ಆಗ್ಬೇಕು. ಆನ್ ಇದ್ರೆ ತುಂಬಿದ್ದೆಲ್ಲ ಸೋರಿಹೋಗುತ್ತೆ... ಅಯ್ಯೋ, ಈಗ ಬೇಡ. ನಾನು ಬರೋತನಕ ಮುಟ್ಬೇಡ. ಒಬ್ಳೇ ಮಾಡ್ಬೇಡ, ಇಬ್ರೂ ಸೇರಿ... ಬರ್ತೀನಿ ಅಂದ್ನಲ್ಲ. ನಂಬಲ್ವಾ?...”

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವನು ಕಪಾಟಿನ ಮೇಲಿಂದ ಚಾರ್ಜರ್ ಇಳಿಸುತ್ತಿದ್ದ. ಆಗ ಅತ್ತಲಿಂದ ಸಣ್ಣದೊಂದು ‘ಟಿಕ್’ ಕೇಳಿಸಿತು. ಅವನು ದಿನಕ್ಕೆ ನೂರು ಸಲ ಕೇಳುವ, ಕೀ ತಿರುಗುವ ಸದ್ದು.

“ಹಲೋ... ತಿರುಗಿಸಿಬಿಟ್ಯಾ?... ಕೇಳಿಸ್ತಿದೆಯಾ? ಮಾತಾಡೇ... ಏನಾದ್ರೂ ಅನ್ನೇ... ಅಲ್ಲೇ ಕೂತಿರು, ಏಳ್ಬೇಡ. ಬಂದೆ, ಇಗೋ ಹೊರಟೆ... ಹಲೋ?...”

ಲೈನ್ ಕಡಿದುಹೋಗಿತ್ತು.