ಕೆಂಪು ಚುಕ್ಕೆಯ ವಾಲ್ವುಗಳು

ಆ ಹುಡುಗನ ಗಿಟಾರ್ ಆಂಪ್ಲಿಫೈಯರಿಗೆ ಹಿಂದಿನ ಮುಚ್ಚಳ ಇರಲಿಲ್ಲ. ಬಸ್ ಸ್ಟಾಪಿನ ಬೆಂಚಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಒಳಗೆ ದನಿ ಹಿಗ್ಗಿಸುವ ಮೂರು ಗಾಜಿನ ವಾಲ್ವುಗಳು ಹೊಚ್ಚ ಹೊಸವು ಎಂಬುದು ಪಕ್ಕದಲ್ಲಿದ್ದ ನನಗೂ ಕಾಣುತ್ತಿತ್ತು. ಅವನ ಅಕ್ಕನ ಗಂಡ ನಿಂತುಕೊಂಡೇ ಮಾತಾಡುತ್ತಿದ್ದರು.

"ಭಾವ, ಗುಂಯ್ ಅನ್ನೋದು ಇನ್ನೂ ನಿಂತಿಲ್ಲ."

"ಹೊಸ ವಾಲ್ವು ಹಾಕಿಕೊಟ್ಟಿದೀನಲ್ಲೋ. ಸ್ವಲ್ಪ ಪಳಗಲಿ."

"ದೋಷ ವಾಲ್ವಲ್ಲಿ ಅಲ್ಲ, ಕೆಪಾಸಿಟರ್ ಅನ್ನೋ ಭಾಗದಲ್ಲಿ ಅಂತ ರಿಪೇರಿಯವರು ಹೇಳಿದ್ರು. ಅದನ್ನ ಬದಲಾಯಿಸಿ ಹಳೇ ವಾಲ್ವೇ ವಾಪಸ್ ಹಾಕು, ದನಿ ಮೊದಲಿನ ಹಾಗೆ ಬರುತ್ತೆ ಅಂದ್ರು. ಎಲ್ಲಿವೆ ಅವು?"

"ಸತ್ತ ವಾಲ್ವು ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಎಸೆದೆ."

"ಯಾವುದು ಎಲ್ಲಿಗೆ ಅಂತ ಮರೀಬಾರ್ದು ಅಂತ ಅಕ್ಕ ಅವುಗಳ ಬುಡಕ್ಕೆ ಕೆಂಪು ಉಗುರುಬಣ್ಣದಲ್ಲಿ ಒಂದು, ಎರಡು, ಮೂರು ಅಂತ ಚುಕ್ಕೆ ಇಟ್ಟಿದ್ದಳು."

"ಅದಕ್ಕೇನೀಗ?"

"ನಿನ್ನೆ ನಿಮ್ಮನೇಲಿ ನಿಮ್ಮ ಆಂಪ್ಲಿಫೈಯರ್ ಹಿಂದೆ ವೈರ್ ಸಿಕ್ಕಿಸೋಕೆ ಬಗ್ಗಿದೆ. ಚುಕ್ಕೆಯ ಮೂರೂ ವಾಲ್ವು ಅಲ್ಲೇ ಇದ್ವು."

ಭಾವ ಬಸ್ಸು ಬರುವ ದಾರಿ ನೋಡಿದರು.

"ನೀನು ರೂಮಲ್ಲಿ ಕೂತು ನುಡಿಸೋನು. ನಾನು ನಾಲ್ಕು ಜನರ ಮುಂದೆ ನುಡಿಸ್ಬೇಕು. ಅಂಥ ದನಿ ನಿನ್ನ ಹತ್ರ ಇದ್ದು ದಂಡ."

"ಕೇಳಬಹುದಿತ್ತಲ್ಲ."

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆ."

ಭಾವ ಮೂಗು ಉಜ್ಜಿಕೊಂಡರು.

"ಅಕ್ಕನಿಗೆ ಗೊತ್ತಾ?" ಹುಡುಗ ಕೇಳಿದ.

"ಚುಕ್ಕೆ ನೋಡಿ ಯಾವುದು ಎಲ್ಲಿಗೆ ಅಂತ ಹೇಳಿಕೊಟ್ಟಿದ್ದೇ ಅವಳು."

ಬಸ್ಸು ಬಂತು. ಭಾವ ಹತ್ತಿ, ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಕೈಯಿಟ್ಟು ಅದನ್ನು ಅವನಿಗಾಗಿ ಹಿಡಿದಿಟ್ಟರು. ಹುಡುಗ ಏಳಲಿಲ್ಲ. ಬಸ್ಸು ಹೋದ ಮೇಲೆ ಆಂಪ್ಲಿಫೈಯರ್ ಎತ್ತಿಕೊಂಡು ಎದುರು ದಿಕ್ಕಿಗೆ ನಡೆದ.

ಅವನು ಕಳೆದುಕೊಂಡದ್ದು ಮೂರು ವಾಲ್ವು, ಒಬ್ಬ ಭಾವ, ಒಬ್ಬಳು ಅಕ್ಕ.