ಹಾರ ಹಾಕಿದ ಲ್ಯಾಪ್‌ಟಾಪ್

ಹೆಸರು ಅರ್ಪಿತ, ಕೋಂ ಲೇಟ್ ಮಂಜೇಶ್, ವಯಸ್ಸು 29 ವರ್ಷ, ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಕೆಲಸ, ವಾಸ ಮಾಕಳಿ ಗ್ರಾಮ, ದೊಡ್ಡಬಳ್ಳಾಪುರ ತಾಲ್ಲೂಕು. ಈ ದಿನ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದೇನೆಂದರೆ,

ನನ್ನ ಗಂಡ ಮಂಜೇಶ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಹೆಚ್ಚಾದ ಹಬೆ ಹೊರಬಿಡುವ ಬಾಯ್ಲರಿನ ಸೇಫ್ಟಿ ವಾಲ್ವ್ ಕೆಟ್ಟಿದ್ದು, ಕಾರ್ಖಾನೆಯವರು ರಿಪೇರಿ ಮಾಡಿಸದೆ ತಂತಿ ಸುತ್ತಿ ಬಿಟ್ಟಿದ್ದಾರೆಂದು ಹೇಳುತ್ತಿದ್ದರು. ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ಮನೆಯ ಲ್ಯಾಪ್‌ಟಾಪಿಗೆ ಹಾಕಿ ನನಗೆ ತೋರಿಸಿದ್ದರು. ಮ್ಯಾನೇಜರ್ ಅಂಜನ್ ರವರಿಗೂ ತೋರಿಸಿದೆ, ಅವರು ಕಿವಿಗೇ ಹಾಕಿಕೊಳ್ಳಲಿಲ್ಲ ಎಂದಿದ್ದರು. ದಿನಾಂಕ 27-10-2025ರಂದು ಬೆಳಿಗ್ಗೆ ಬಾಯ್ಲರ್ ಸಿಡಿದು ನನ್ನ ಗಂಡ ಸ್ಥಳದಲ್ಲೇ ತೀರಿಕೊಂಡರು. ಮೊಬೈಲ್ ಅವರ ಜೇಬಿನಲ್ಲೇ ಸುಟ್ಟುಹೋಯಿತು.

ಮನೆಯಲ್ಲಿ ಅವರದೊಂದು ದೊಡ್ಡ ಫೋಟೋ ಇರಲಿಲ್ಲ. ಮೂವತ್ತೆರಡರ ಹುಡುಗನ ಫೋಟೋಗೆ ಯಾರು ತಾನೇ ಕಟ್ಟು ಹಾಕಿಸಿ ಇಟ್ಟಿರುತ್ತಾರೆ? ಶಿವಗಂಗೆಗೆ ಹೋದಾಗ ತೆಗೆದ ಅವರ ಫೋಟೋ ಲ್ಯಾಪ್‌ಟಾಪಿನಲ್ಲಿತ್ತು, ಅದನ್ನು ತೆರೆದು, ಅದಕ್ಕೇ ಹಾರ ಹಾಕಿ, ಮುಂದೆ ದೀಪ ಹಚ್ಚಿದೆವು. ಹನ್ನೊಂದನೇ ದಿನದ ತಿಥಿಯವರೆಗೆ ದೀಪ ಆರಬಾರದೆಂಬುದು ನಮ್ಮಲ್ಲಿ ಪದ್ಧತಿ. ನನ್ನ ಅತ್ತೆ ಮುನಿವೆಂಕಟಮ್ಮನವರು ಸ್ಕ್ರೀನೂ ಆರಬಾರದೆಂದರು.

ಮೂರನೇ ದಿನ, ಹಾಲುತುಪ್ಪದ ದಿನ ಅಂಜನ್ ಬಂದು, ಪರಿಹಾರದ ಕಾಗದಪತ್ರಕ್ಕೆ ಲ್ಯಾಪ್‌ಟಾಪಿನಲ್ಲಿರುವ ಆಫೀಸಿನ ಫೈಲು ಬೇಕೆಂದರು. ಅತ್ತೆಯವರೂ ಸೇರಿ ನಾವೆಲ್ಲಾ ಸಮಾಧಿಗೆ ಹೊರಡುವ ಗಡಿಬಿಡಿಯಲ್ಲಿದ್ದೆವು, ತೆಗೆದುಕೊಳ್ಳಿ ಎಂದು ಹೇಳಿ ಹೋದೆವು. ವಿಡಿಯೋ ನನಗೆ ನೆನಪಿಗೇ ಬರಲಿಲ್ಲ. ವಾಪಸ್ ಬರುವಷ್ಟರಲ್ಲಿ ಅವರು ಫೋಟೋವನ್ನು ಮೊದಲಿನಂತೆ ತೆರೆದಿಟ್ಟು, ಹಾರ ಸರಿಮಾಡುತ್ತಿದ್ದರು. ಕೈಮುಗಿದು ಹೋದರು. ಒಳ್ಳೆಯ ಮನುಷ್ಯ ಎಂದುಕೊಂಡೆ.

ಸಮಾಧಿಯಿಂದ ಬಂದ ಮೇಲೆ ಅತ್ತೆಯವರು ಲ್ಯಾಪ್‌ಟಾಪಿನ ಮುಂದಿನಿಂದ ಏಳುತ್ತಿರಲಿಲ್ಲ. ಕರೆಂಟ್ ಹೋದರೆ ಪಕ್ಕದ ಮನೆ ಪಿಳ್ಳಣ್ಣನವರ ಯುಪಿಎಸ್‌ನಿಂದ ವೈರ್ ಎಳೆಸುತ್ತಿದ್ದರು. ಬಿಸಿಯಾಗಿದೆ, ಸ್ವಲ್ಪ ಹೊತ್ತು ಆಫ್ ಮಾಡುತ್ತೇನೆಂದು ನಾನು ಹೇಳಿದ್ದಕ್ಕೆ, "ಬ್ಯಾಡ ಕಣವ್ವಾ, ನನ್ ಮಗ ಕತ್ಲಲ್ಲಿ ಕೂತ್ಕೋಬೇಕಾ" ಎಂದರು. ತಿಥಿ ಮುಗಿಯುವವರೆಗೂ ಅದು ಆರಲಿಲ್ಲ.

ತಿಥಿಯಾದ ಮೇಲೆ ಕಾರ್ಖಾನೆಯಿಂದ ನೋಟೀಸ್ ಬಂತು. ವಾಲ್ವಿಗೆ ತಂತಿ ಸುತ್ತಿದ್ದು ಮಂಜೇಶನೇ, ತಪ್ಪೆಲ್ಲಾ ಅವನದೇ ಎಂದು ಅದರಲ್ಲಿತ್ತು. ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಆ ವಿಡಿಯೋ ಇರಲಿಲ್ಲ. ದೊಡ್ಡಬಳ್ಳಾಪುರದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೊಟ್ಟೆ. ಹಾಲುತುಪ್ಪದ ದಿನವೇ ಯಾರೋ ಅಳಿಸಿದ್ದಾರೆ, ಹಳೇ ಡಿಸ್ಕ್ ಆಗಿದ್ದರೆ ತೆಗೆಯಬಹುದಿತ್ತು, ಇದರಲ್ಲಿ ಎಸ್‌ಎಸ್‌ಡಿ ಇದೆ, ಕರೆಂಟ್ ಇರುವಷ್ಟು ಹೊತ್ತೂ ಅಳಿಸಿದ್ದನ್ನು ತಾನೇ ಗುಡಿಸಿ ಹಾಕುತ್ತದೆ, ಕೂಡಲೇ ಆಫ್ ಮಾಡಿ ತಂದಿದ್ದರೆ ಏನಾದರೂ ಸಿಗುತ್ತಿತ್ತೇನೋ ಎಂದು ಅಂಗಡಿಯವರು ತಿಳಿಸಿದರು. ಆಮೇಲೂ ಆನ್ ಇತ್ತೇ ಎಂದು ಕೇಳಿದರು. ಇತ್ತು ಎಂದೆ.

ಹಾರ ಸರಿಮಾಡಿದ ಆ ಕೈ ನೆನೆದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅಂಜನ್ ಮೇಲೆ ಕ್ರಮ ಜರುಗಿಸಿ, ನನ್ನ ಗಂಡನ ಮೇಲೆ ಹೊರಿಸಿರುವ ತಪ್ಪನ್ನು ತೆಗೆಸಿಕೊಡಬೇಕು. ಇನ್ನೊಂದು ಕೋರಿಕೆ. ತಾವು ಮಹಜರಿಗೆ ಮನೆಗೆ ಬಂದಾಗ, ಲ್ಯಾಪ್‌ಟಾಪ್ ಆನ್ ಇದ್ದ ವಿಷಯವನ್ನು ನನ್ನನ್ನೇ ಕೇಳಬೇಕು, ಅತ್ತೆಯವರನ್ನು ಕೇಳಬಾರದು. ಅಂಗಡಿಯವರು ಹೇಳಿದ್ದು ಅವರಿಗೆ ಗೊತ್ತಿಲ್ಲ. ಮಗನಿಗೆ ಕೊನೆಯವರೆಗೂ ಬೆಳಕು ಆರದ ಹಾಗೆ ನೋಡಿಕೊಂಡೆ ಎಂದು ಬಂದವರಿಗೆಲ್ಲಾ ಹೇಳುತ್ತಿದ್ದಾರೆ.

ಬರೆದುದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದ್ದು ಎಲ್ಲವೂ ನಿಜವಾಗಿರುತ್ತದೆ.

ಸ್ಥಳ: ದೊಡ್ಡಬಳ್ಳಾಪುರ
ದಿನಾಂಕ: 11-11-2025
ಸಹಿ/- ಅರ್ಪಿತ