ಅಂಗೈಗೆ ಹಚ್ಚಿದ ಬೆಣ್ಣೆ

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಶಿಕ್ಷಣ ಸಂಸ್ಥೆಯ ಹಿರಿಯರೂ ಆದ ಶ್ರೀ ನಿಜಗುಣಪ್ಪನವರೇ, ಪ್ರಾಚಾರ್ಯರೇ, ಜೀವಶಾಸ್ತ್ರದ ಬಸಯ್ಯ ಸರ್ ಅವರೇ, ಮುಖ್ಯ ಅತಿಥಿಗಳಾಗಿ ಸವದತ್ತಿಯಿಂದ ಬಂದಿರುವ ಸಹಾಯಕ ಕೃಷಿ ಅಧಿಕಾರಿ ಕುಮಾರಿ ರಾಜೇಶ್ವರಿ ಅವರೇ, ಬೀಳ್ಕೊಡುಗೆಗೆಂದು ಹೊಸ ಬಟ್ಟೆ ತೊಟ್ಟು ಕುಳಿತಿರುವ ದ್ವಿತೀಯ ಪಿಯುಸಿ ಮಕ್ಕಳೇ, ಅವರ ತಂದೆತಾಯಂದಿರೇ, ಮುರಗೋಡದ ಸಮಸ್ತ ಸಭಿಕರೇ,

ಮುಖ್ಯ ಅತಿಥಿಗಳ ಹೆಸರು ಹೇಳುವಾಗ ನನ್ನ ನಾಲಿಗೆ ಕೊಂಚ ತಡವರಿಸಿದ್ದನ್ನು ನೀವು ಗಮನಿಸಿರಬಹುದು. ಇವತ್ತು ಬೆಳಿಗ್ಗೆ ಇದೇ ಅತಿಥಿಗಳಿಗೆ "ಲಗೂನ ಜಳಕಾ ಮಾಡ, ತಡಾ ಆಗತೈತಿ" ಎಂದು ಬೈದು ಬಂದವಳು ನಾನು. ಹೆತ್ತ ಮಗಳನ್ನು ತುಂಬಿದ ಸಭೆಯಲ್ಲಿ 'ಅವರೇ' ಎಂದು ಕರೆಯುವ ಯೋಗ ಇಲ್ಲಿರುವ ಎಲ್ಲ ತಾಯಂದಿರಿಗೂ ಬರಲಿ. ಕರೆದು ನೋಡಿ, ಎದೆ ತುಂಬುತ್ತದೆ, ಜೊತೆಗೆ ನಗುವೂ ಬರುತ್ತದೆ.

ನಾನು ಅನ್ನಪೂರ್ಣಾ. ಗ್ರಾಮ ಪಂಚಾಯಿತಿಯ ಸದಸ್ಯೆಯಾದ ಮೇಲೆ ಗಟಾರದ ಬಗ್ಗೆ, ನಳದ ನೀರಿನ ಬಗ್ಗೆ ನಿಂತು ಮಾತನಾಡಿ ರೂಢಿಯಾಗಿದೆ. ಪ್ರಾಚಾರ್ಯರು ಇವತ್ತು ಕೊಟ್ಟಿರುವ ವಿಷಯ ಬೇರೆ. 'ಉನ್ನತ ಶಿಕ್ಷಣದ ಪ್ರವೇಶದಲ್ಲಿ ಪಾಲಕರ ಪಾತ್ರ'. ಹೆಸರು ಕೇಳಿದರೇ ಹೆದರಿಕೆಯಾಗುತ್ತದೆ. ಪಾಲಕರ ಪಾತ್ರ ಎಂದರೇನು? ಅರ್ಜಿ ತರಲು ಸಾಲಿನಲ್ಲಿ ನಿಲ್ಲುವುದೇ? ಜಾತಿ ಪ್ರಮಾಣಪತ್ರಕ್ಕೆ, ಆದಾಯ ಪ್ರಮಾಣಪತ್ರಕ್ಕೆ ಸವದತ್ತಿಯ ಕಚೇರಿಗೆ ಅಲೆಯುವುದೇ? ಅದೆಲ್ಲ ನಮ್ಮ ಮನೆಯವರು ಮಾಡಿದ್ದಾರೆ. ನಾನು ಮಾಡಿದ್ದು ಒಂದೇ ಕೆಲಸ. ಅದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆಯವರೆಗೂ ಯೋಚಿಸಿದೆ. ಹೇಳಿಯೇ ಬಿಡುತ್ತೇನೆ.

ಅದಕ್ಕೂ ಮೊದಲು ಸ್ವಲ್ಪ ಹಿಂದಿನ ಮಾತು. ನನ್ನ ತವರು ಮನೋಳಿ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದಾಗ ನಮ್ಮ ಅಪ್ಪ ಖುಷಿಯಾಗಿ ನನ್ನನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋಗಿ ಕಾಲೇಜು ತೋರಿಸಿದ್ದರು. ಗೇಟಿನ ಹೊರಗೇ ನಿಂತು ನೋಡಿದೆವು. ಒಳಗೆ ಹುಡುಗಿಯರು ಪುಸ್ತಕ ಎದೆಗೆ ಅವಚಿಕೊಂಡು ನಡೆಯುತ್ತಿದ್ದರು. "ಬರೂ ವಾರ ಬಂದು ಹೆಸರು ಹಚ್ಚೂಣು" ಎಂದರು ಅಪ್ಪ. ಬರುವ ವಾರ ಬಂದದ್ದು ಈ ಊರಿನ ಬೀಗರು. ಹುಡುಗ ಒಳ್ಳೆಯವನು, ಹೊಲ ಇದೆ, ನೀರಾವರಿ ಇದೆ ಎಂದು ಮಾತಾಯಿತು. ಲಗ್ನವಾಗಿ ಬಂದ ವರ್ಷದ ಸುಗ್ಗಿಗೆ ನನ್ನ ಕೈಯಲ್ಲಿ ಕುಡುಗೋಲು ಇತ್ತು. ಜೋಳ ಕೊಯ್ದು ಕೊಯ್ದು ಅಂಗೈ ಒಡೆಯಿತು. ನೀರು ಮುಟ್ಟಿದರೆ ಉರಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ, ನಾನೂ ತೋರಿಸಲಿಲ್ಲ. ನಮ್ಮ ಅತ್ತೆ ಬಾಯವ್ವನವರು ಅಗೋ, ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಕೇಳಿಸಿಕೊಳ್ಳಲಿ. ಇಪ್ಪತ್ತೈದು ವರ್ಷ ಆಯಿತು, ಈಗ ಹೇಳದೆ ಇನ್ಯಾವಾಗ ಹೇಳಲಿ?

ರಾಜೇಶ್ವರಿ ಹುಟ್ಟಿದಾಗ ನಾನು ನಮ್ಮ ಮನೆಯವರಿಗೆ ಒಂದೇ ಒಂದು ಮಾತು ಹೇಳಿದ್ದೆ. "ನೋಡ್ರಿ, ಈಕಿ ಕೈಗೆ ಮಣ್ಣು ಹತ್ತಬಾರದು." ನಮ್ಮ ಮನೆಯವರು, ಅಂದರೆ ಉಳವಪ್ಪನವರು, ಮಾತು ಕಡಿಮೆ. ಆಯಿತು ಎಂದರು, ಹಾಗೆಯೇ ನಡೆದುಕೊಂಡರು. ಮಗಳು ಬುತ್ತಿ ಕೊಡಲು ಹೊಲಕ್ಕೆ ಹೋದರೂ ಬದುವಿನ ಮೇಲೆ ನಿಲ್ಲಿಸಿ ತಿರುಗಿ ಕಳಿಸುತ್ತಿದ್ದರು. ನಾವು ಕಳೆ ತೆಗೆಯಲು ಹೋದಾಗ ಅವಳು ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದಳು. ಮಗಳು ಎಂದರೆ ಪುಸ್ತಕ, ಪುಸ್ತಕ ಎಂದರೆ ಮಗಳು ಎಂಬಂತೆ ಬೆಳೆಸಿದೆವು.

ಹೀಗೆ ಬೆಳೆದವಳು ತೊಂಬತ್ತೊಂಬತ್ತನೇ ಇಸವಿಯಲ್ಲಿ ಇದೇ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಮುಗಿಸಿದಳು. ಅಂಕಗಳು ಚೆನ್ನಾಗಿದ್ದವು. ಆದರೆ ಡಾಕ್ಟರಾಗಲು ಚೆನ್ನಾಗಿದ್ದರೆ ಸಾಲದು ಎಂದು ಆಗ ಗೊತ್ತಾಯಿತು. ನಾನು ಎರಡು ದಿನ ಊಟ ಬಿಟ್ಟೆ. ಆಗ ಈ ಬಸಯ್ಯ ಸರ್ ಮನೆಗೆ ಬಂದರು. "ಧಾರವಾಡದಾಗ ಕೃಷಿ ಕಾಲೇಜು ಐತ್ರಿ. ಒಕ್ಕಲಿಗರ ಮಕ್ಕಳಿಗೆ ಅಂತನ ಸೀಟು ಇಟ್ಟಾರ. ರಾಜೇಶ್ವರಿಗೆ ಖಾತ್ರಿ ಸಿಗತೈತಿ" ಎಂದರು. ನಮ್ಮ ಕಡೆ ಒಕ್ಕಲಿಗರು ಎಂದರೆ ಜಾತಿಯಲ್ಲ, ಹೊಲ ಮಾಡುವವರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಒಕ್ಕಲುತನಾ ಕಲ್ಯಾಕ ಧಾರವಾಡಕ್ಕ ಹೋಗಬೇಕೇನ್ರಿ ಸರ? ಅದನ್ನ ಕಲಿಸೂದಿದ್ರ ನಮ್ಮ ಹೊಲಾ ಏನು ಕಡಿಮಿ ಇತ್ತು?" ಎಂದೆ. ಸರ್ ಚಹಾ ಕುಡಿಯುತ್ತ ಸುಮ್ಮನೆ ನಕ್ಕರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಆ ಸೀಟಿಗೆ ಬರೀ ಅಂಕ ಸಾಲದು, ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ ಇಡುತ್ತಾರೆ, ಗೊಬ್ಬರ ಇಡುತ್ತಾರೆ, ಕಳೆ ಇಡುತ್ತಾರೆ, ಒಕ್ಕಲುತನದ ಸಾಮಾನು ಇಡುತ್ತಾರೆ. ಗುರುತು ಹಿಡಿಯಬೇಕು, ಏನು ಉಪಯೋಗ ಎಂದು ಹೇಳಬೇಕು. "ನಿಮ್ಮ ಮಗಳಿಗೇನು ಬಿಡ್ರಿ, ಒಕ್ಕಲಿಗರ ಮನಿ ಹುಡುಗಿ, ನಿದ್ದಿಗಣ್ಣಾಗೂ ಹೇಳತಾಳ" ಎಂದು ಹೋದರು.

ಸಭಿಕರೇ, ನೀವು ನಗಬಾರದು. ಅಂದು ಸಂಜೆ ನಮ್ಮ ಮನೆಯವರು ಒಂದು ಹಿಡಿ ಕುಸುಬಿ ತಂದು ಮಗಳ ಮುಂದೆ ಹಿಡಿದರು. ಅವಳು ಬಹಳ ಹೊತ್ತು ನೋಡಿ, "ಸೂರ್ಯಕಾಂತಿ ಏನಪ್ಪಾ?" ಎಂದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಡೆಗೆ ಆನಿಸಿದ್ದ ಸಾಮಾನು ತೋರಿಸಿದರು. ಕುಂಟೆಯನ್ನು ಎಡೆಕುಂಟೆ ಎಂದಳು, ಎಡೆಕುಂಟೆಯನ್ನು ನೋಡಿ ಸುಮ್ಮನಾದಳು. ತಲೆತಲಾಂತರದಿಂದ ಹೊಲ ಮಾಡಿದ ಮನೆಯ ಮಗಳು! ಒಕ್ಕಲಿಗರ ಸೀಟಿಗೆ ಒಕ್ಕಲಿಗರ ಮಗಳೇ ನಪಾಸಾಗುವ ಹಾಗೆ ನಾವು ಅವಳನ್ನು ಕಾಪಾಡಿದ್ದೆವು. ನಮ್ಮ ಮನೆಯವರು ನನ್ನ ಕಡೆಗೆ ನೋಡಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಪರೀಕ್ಷೆಗೆ ಮೂರು ವಾರ ಇತ್ತು. ಆ ಸೀಟು ತಪ್ಪಿದರೆ ಬೇರೆ ದಾರಿ ಏನೆಂದು ನಮಗೆ ಗೊತ್ತಿತ್ತು. ಅತ್ತೆಯವರ ಬಳಗದ ಒಂದು ಮನೆಯಿಂದ ಹೆಣ್ಣು ಕೇಳುವ ಹೇಳಿಕೆ ಆಗಲೇ ಬಂದಿತ್ತು. ಹುಡುಗ ಒಳ್ಳೆಯವನು, ಹೊಲ ಇದೆ, ನೀರಾವರಿ ಇದೆ. ಅದೇ ಮಾತು, ಅಕ್ಷರ ಕೂಡ ಬದಲಾಗಿರಲಿಲ್ಲ. ಅದನ್ನು ಕೇಳಿದ ಮೇಲೆ ನಾನೇ ಮಗಳ ಪುಸ್ತಕಗಳನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟು, "ನಡಿ, ಹೊಲಕ್ಕ ನಡಿ" ಎಂದೆ.

ಮುಂಗಾರು ಚೆನ್ನಾಗಿ ಬಂದ ವರ್ಷ ಅದು. ಹೆಸರಿನ ಪೈರಿನಲ್ಲಿ ಸಾಲಿನ ನಡುವಿನ ಕಳೆ ತೆಗೆಯಲು ಎಡೆ ಹೊಡೆಯುವ ಹಂಗಾಮು. ನಮ್ಮ ಮನೆಯವರು ಎತ್ತಿನ ಹಗ್ಗ ಮಗಳ ಕೈಗೆ ಕೊಟ್ಟು, ಎಡೆಕುಂಟೆಯ ಮೇಳಿ ಹಿಡಿಸಿದರು. ಪಕ್ಕದ ಹೊಲದ ಹಣಮಂತಪ್ಪ ಓಡಿ ಬಂದ. "ಏನೋ ಉಳವಪ್ಪಾ, ಕಲ್ಯೂ ಹುಡುಗಿ ಕೈಯಾಗ ಎತ್ತು ಕೊಟ್ಟೀಯಲ್ಲೋ, ತಲಿ ಗಿಲಿ ಕೆಟ್ಟೈತೇನು?" ಎಂದ. "ಪರೀಕ್ಷಾ ಐತೋ ಮಾರಾಯಾ, ಸಾಲು ತುಳೀಬ್ಯಾಡ, ಸರಿ" ಎಂದರು ಇವರು. ಮೊದಲ ದಿನ ಮಗಳು ಕಳೆಗಿಂತ ಹೆಸರನ್ನೇ ಹೆಚ್ಚು ಕಿತ್ತಳು. ಇವರು ಹಿಂದೆ ಹಿಂದೆ ನಡೆದು, ಬಿದ್ದ ಸಸಿ ನೆಟ್ಟಗೆ ಮಾಡುತ್ತ ಹೋದರು.

ಸಂಜೆಯ ಪಾಠ ಅತ್ತೆಯವರದು. ಆಗಲೇ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೀಜದ ಗಡಿಗೆಗಳನ್ನು ಸುತ್ತ ಇಟ್ಟುಕೊಂಡು, ಮೊಮ್ಮಗಳಿಗೆ ಕಣ್ಣು ಮುಚ್ಚಿಸಿ, ಒಂದೊಂದೇ ಬೀಜವನ್ನು ಅಂಗೈಗೆ ಹಾಕುತ್ತಿದ್ದರು. "ಕಣ್ಣು ಸುಳ್ಳು ಹೇಳತಾವ ನನ್ನ ಮಗಳ. ಬಳ್ಳಿಗೆ ಕೇಳು" ಎನ್ನುತ್ತಿದ್ದರು. ನಮ್ಮ ಕಡೆ ಬೆರಳಿಗೆ ಬಳ್ಳು ಎನ್ನುತ್ತೇವೆ ಎಂದು ಪೇಟೆಯಿಂದ ಬಂದವರು ಯಾರಾದರೂ ಇದ್ದರೆ ತಿಳಿಸುತ್ತೇನೆ. ಅಗಸಿ ಜಾರುತ್ತದೆ, ಉಳ್ಳಾಗಡ್ಡಿ ಬೀಜಕ್ಕೆ ಮೂಲೆ ಇರುತ್ತದೆ, ಕುಸುಬಿ ತಣ್ಣಗಿರುತ್ತದೆ. ಇವೆಲ್ಲ ನನಗೂ ಆಗಲೇ ತಿಳಿದದ್ದು. ಸೊಸೆಗೆ ಅವರು ಕೊಟ್ಟದ್ದು ಕುಡುಗೋಲು, ಮೊಮ್ಮಗಳಿಗೆ ಕೊಟ್ಟದ್ದು ಬೀಜ. ಇರಲಿ, ನಾನು ಭಾಷಣ ಮಾಡುತ್ತಿದ್ದೇನೆ, ದೂರು ಹೇಳುತ್ತಿಲ್ಲ.

ಇಷ್ಟರಲ್ಲಿ ನಮ್ಮ ಮನೆಯವರು ಯರಗಟ್ಟಿ ಸಂತೆಯಿಂದ ಒಂದು ಸುದ್ದಿ ತಂದರು. ಪರೀಕ್ಷೆ ಮಾಡುವವರು ಮೊದಲು ಅಂಗೈ ನೋಡುತ್ತಾರಂತೆ! ಅಂಗೈ ಜಡ್ಡುಗಟ್ಟಿದ್ದರೆ ನಿಜವಾದ ಒಕ್ಕಲಿಗರ ಮಕ್ಕಳು, ಮೆತ್ತಗಿದ್ದರೆ ಮನೆಗೆ ಕಳಿಸುತ್ತಾರಂತೆ. ಯಾರು ಹೇಳಿದರೋ, ಯಾಕೆ ಹೇಳಿದರೋ! ಮನೆಯಲ್ಲಿ ಗದ್ದಲವೋ ಗದ್ದಲ. ಮಗಳ ಕೈಗೆ ಸಲಿಕೆ ಬಂತು, ಕೊಡಲಿ ಬಂತು, ಬೀಸುಕಲ್ಲು ಬಂತು. ಮೂರನೆಯ ದಿನಕ್ಕೆ ಎರಡೂ ಅಂಗೈಯಲ್ಲಿ ಬೊಬ್ಬೆ. ಅದನ್ನು ಸವರಿ ಅತ್ತೆಯವರಿಗೂ, ನೋಡಿ ಇವರಿಗೂ ಸಮಾಧಾನ.

ನನಗೆ ಆಗಲಿಲ್ಲ. ನನ್ನ ಒಡೆದ ಅಂಗೈ ನೆನಪಾಯಿತು. ಸಂಜೆ ಅತ್ತೆಯವರು ಲಿಂಗಪೂಜೆಗೆ ಕಣ್ಣು ಮುಚ್ಚಿ ಕುಳಿತಾಗ ನಾನು ಮಗಳನ್ನು ಅಡುಗೆಮನೆಗೆ ಕರೆದು, ಗಡಿಗೆಯಿಂದ ಬೆಣ್ಣೆ ತೆಗೆದು ಅವಳ ಅಂಗೈಗೆ ತಿಕ್ಕಿದೆ. "ಅವ್ವಾ, ಜಡ್ಡು ಹೋದ್ರ ಸೀಟು ಹೋಗತೈತಿ" ಎಂದಳು. "ಹೋದ್ರ ಹೋಗವಲ್ದ್ಯಾಕ, ಕೈ ಕೊಡ" ಎಂದೆ. ಹಾಗೆ ಹೇಳಿದವಳು ಇಡೀ ದಿನ ಆ ಸೀಟಿಗಾಗಿ ಮುರಗೋಡದ ದೇವರುಗಳಿಗೆಲ್ಲ ಹರಕೆ ಹೊರುತ್ತಿದ್ದೆ. ಮರುದಿನ ಅವಳೇ ಬಂದು ಎರಡೂ ಕೈ ಚಾಚಿ ನಿಂತಳು. ಹಗಲು ಅಪ್ಪ ಜಡ್ಡು ಬೆಳೆಸುವುದು, ಸಂಜೆ ಅವ್ವ ಕರಗಿಸುವುದು. ಪಾಲಕರ ಪಾತ್ರ ಎಂದರೆ ಇದೇ ಇರಬೇಕು!

ಇನ್ನೊಂದು ಮಾತು. ಹೊಲದಿಂದ ಬರುವಾಗ ಅಪ್ಪ ಮಗಳು ಏನೇನೋ ಮಾತನಾಡಿ ನಗುತ್ತ ಬರುತ್ತಿದ್ದರು. ನನ್ನನ್ನು ಕಂಡರೆ ನಿಲ್ಲಿಸುತ್ತಿದ್ದರು. ಮಾತೇ ಇಲ್ಲದ ಮನುಷ್ಯ ಮಗಳ ಜೊತೆ ಇಷ್ಟು ಮಾತನಾಡಬಲ್ಲರು ಎಂದು ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತೇ ಎಂದರೆ, ಹೌದು, ಆಯಿತು. ನನಗೆ ದಕ್ಕಿದ್ದು ಆ ಬೆಣ್ಣೆ ಹಚ್ಚುವಷ್ಟು ಹೊತ್ತು ಮಾತ್ರ.

ಬೆಣ್ಣೆ ಕಡಿಮೆಯಾಗುವುದು ಅತ್ತೆಯವರಿಗೆ ತಿಳಿಯಿತು. ಗಡಿಗೆ ಎತ್ತಿ ನೋಡಿದರೆ ತೂಕ ಗೊತ್ತಾಗುವುದಿಲ್ಲವೇ? "ಈ ಸುಡಗಾಡು ಬೆಕ್ಕು ದಿನಾ ಬೆಣ್ಣಿ ತಿಂದು ಹೊಂಟೈತಿ" ಎಂದು ಓಣಿಗೆಲ್ಲ ಕೇಳುವಂತೆ ಬೈದರು. ಬಡಪಾಯಿ ಬೆಕ್ಕು ಒಲೆಯ ಹತ್ತಿರ ಮಲಗಿತ್ತು. ನಾನೂ ಮಗಳೂ ಬೇರೆ ಬೇರೆ ಕಡೆ ತಿರುಗಿ ನಿಂತೆವು.

ಪರೀಕ್ಷೆಯ ದಿನ ಧಾರವಾಡದಲ್ಲಿ ಯಾರೂ ಅಂಗೈ ನೋಡಲಿಲ್ಲ. ಸಾಲಾಗಿ ತಾಟು ಇಟ್ಟಿದ್ದರಂತೆ. ಉಳ್ಳಾಗಡ್ಡಿ ಬೀಜ ಎತ್ತಿ ಕೊಡು ಎಂದಾಗ ಮಗಳಿಗೆ ದಿಕ್ಕು ತೋಚಲಿಲ್ಲವಂತೆ. ಕಪ್ಪಗಿನ ಸಣ್ಣ ಬೀಜ ಎರಡು ಮೂರು ಥರ ಇದ್ದವು. ಆಗ ಕಣ್ಣು ಮುಚ್ಚಿ, ಅಂಗೈಗೆ ಹಾಕಿಕೊಂಡು, ಬೆರಳಾಡಿಸಿದಳಂತೆ. "ಯಾಕಮ್ಮ, ಕಣ್ಣು ಮುಚ್ಚಿದೆ?" ಎಂದು ಪರೀಕ್ಷಕರು ಕೇಳಿದರು. "ನಮ್ಮ ಆಯಿ ಹಿಂಗ ಕಲಿಸ್ಯಾಳ್ರಿ" ಎಂದು ಅಜ್ಜಿಯನ್ನು ನೆನೆದು, ಸರಿಯಾದದ್ದನ್ನೇ ಎತ್ತಿ ಕೊಟ್ಟಳು. ಅಂಗೈ ಜಡ್ಡುಗಟ್ಟಿದ್ದರೆ ಆ ಮೂಲೆ ತಿಳಿಯುತ್ತಿತ್ತೇ? ಅತ್ತೆಯವರು ಸೀಟು ತಮ್ಮ ಪಾಠದಿಂದ ಬಂತು ಎನ್ನುತ್ತಾರೆ. ನನ್ನ ಬೆಣ್ಣೆಯಿಂದ ಬಂತು ಎಂದು ನಾನು ಇವತ್ತು ಈ ಸಭೆಯಲ್ಲಿ ಮೊದಲ ಸಲ ಘೋಷಿಸುತ್ತಿದ್ದೇನೆ.

ಆಯ್ಕೆಯಾದವರ ಹೆಸರು ಹಾಕಿದ ದಿನ ನೋಡಲು ಹೋದವರು ನಮ್ಮ ಮನೆಯವರು. ಸಂಜೆ ಬಸ್ ಇಳಿದು, ನಮ್ಮನ್ನು ದಾಟಿ, ಸೀದಾ ಕೊಟ್ಟಿಗೆಗೆ ಹೋದರು. ಸೀಟು ತಪ್ಪಿತು ಎಂದುಕೊಂಡೆ. ನಾನೂ ಮಗಳೂ ಹಿಂದೆ ಹೋಗಿ ನೋಡಿದರೆ, ಎತ್ತಿನ ಬಾಯಿಗೆ ಧಾರವಾಡ ಫೇಡೆ ತಿನ್ನಿಸುತ್ತ ನಿಂತಿದ್ದರು. ಕಣ್ಣಲ್ಲಿ ನೀರು. "ಇದೂ ಕಲಿಸೈತಿ. ಮೊದಲ ಇದಕ್ಕ ಕೊಡಬೇಕು" ಎಂದರು. ನಾವು ಮೂವರೂ ಅಲ್ಲೇ ನಿಂತು ಅತ್ತೆವು. ಎತ್ತು ಇನ್ನೊಂದು ಫೇಡೆಗೆ ಮೂತಿ ಚಾಚಿತು.

ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮರುದಿನ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದೆ. ಸಂಜೆ ಬಂದು ಒಲೆಯ ಮುಂದೆ ಸುಮ್ಮನೆ ಕುಳಿತಿದ್ದೆ. ಮನೆ ಬಿಕೋ ಎನ್ನುತ್ತಿತ್ತು. ಅತ್ತೆಯವರ ಪೂಜೆಯ ಹೊತ್ತು. ಅವರು ಪೂಜೆಗೆ ಕೂರದೆ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಬೆಣ್ಣೆಯ ಗಡಿಗೆ ತಡವಿ ತೆಗೆದು ನನ್ನ ಮುಂದೆ ಇಟ್ಟರು. "ಇನ್ನ ಬೆಕ್ಕು ಬರೂದಿಲ್ಲ, ಅನ್ನಪೂರ್ಣಾ. ನಿನ್ನ ಕೈ ಕೊಡ ಇಲ್ಲೆ" ಎಂದರು.

ಕೊಟ್ಟೆ. ಕಣ್ಣು ಕಾಣದ ಅವರು ನನ್ನ ಅಂಗೈಯ ಒಂದೊಂದು ಗೆರೆಯ ಮೇಲೂ ಬೆರಳಾಡಿಸಿ, ಬಹಳ ಹೊತ್ತು ಹಚ್ಚಿದರು. "ಮೊದಲನ ವರ್ಷಾನ ಹಚ್ಚಬೇಕಿತ್ತು" ಎಂದರು.

ಪ್ರಾಚಾರ್ಯರು ಗಡಿಯಾರ ನೋಡುತ್ತಿದ್ದಾರೆ. ಪಾಲಕರೇ, ಯಾವ ಕಾಲೇಜು, ಯಾವ ಸೀಟು, ಎಷ್ಟು ಪ್ರಮಾಣಪತ್ರ ಎಂಬುದನ್ನು ಮುಂದೆ ಬಸಯ್ಯ ಸರ್ ವಿವರವಾಗಿ ಹೇಳುತ್ತಾರೆ, ಬರೆದುಕೊಳ್ಳಿ. ನನಗೆ ಗೊತ್ತಿರುವುದು ಇಷ್ಟೇ. ಮಕ್ಕಳು ಹೊರಡುವ ಮೊದಲಿನ ಈ ಕೆಲವು ವಾರ ಅವರ ಕೈ ಹಿಡಿದು ನೋಡಿ. ಜೊತೆಗೆ ಮನೆಯಲ್ಲಿರುವ ಇನ್ನೊಬ್ಬರ ಕೈಯನ್ನೂ ಹಿಡಿದು ನೋಡಿ.

ನನ್ನನ್ನು ಕರೆದು ಮಾತನಾಡಿಸಿದ ಸಂಸ್ಥೆಗೆ, ಚಹಾಕ್ಕೆ ಬಂದು ನಮ್ಮ ದಾರಿ ತಿರುಗಿಸಿದ ಬಸಯ್ಯ ಸರ್‌ಗೆ, ಈಗ ಅಲ್ಲಿ ಕರವಸ್ತ್ರ ಹುಡುಕುತ್ತಿರುವ ಮುಖ್ಯ ಅತಿಥಿಗಳಿಗೆ, ಮುಂದಿನ ಸಾಲಿನಲ್ಲಿ ಏನೂ ಕೇಳಿಸದವರಂತೆ ಕುಳಿತಿರುವ ನಮ್ಮ ಅತ್ತೆಯವರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೆ ಈ ಎರಡೂ ಅಂಗೈ ಜೋಡಿಸಿ ಹೇಳುತ್ತೇನೆ, ನಮಸ್ಕಾರ.